ಮಂಗಳೂರು, ಉಡುಪಿಯಲ್ಲಿ ಪ್ರೋಗ್ರಾಮಿಂಗ್ ಹವ್ಯಾಸಿಗಳ ಬಳಗ ಕಟ್ಟುವವರಿಗೆ ಒಂದು ಮಾರ್ಗದರ್ಶಿ

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಬಲ್ಲವರಿಗೆ ಕೊರತೆಯಿಲ್ಲ. ಮಣಿಪಾಲದ ಎಂಐಟಿ 1957ರಲ್ಲಿ, ಇಂದು ಎನ್‌ಐಟಿಕೆ ಎಂದು ಕರೆಯಲ್ಪಡುವ ಸುರತ್ಕಲ್‌ನ ಕಾಲೇಜು 1960ರಲ್ಲಿ ಆರಂಭವಾದವು. ಆ ಬಳಿಕ ಹುಟ್ಟಿಕೊಂಡ ಇಂಜಿನಿಯರಿಂಗ್ ಕಾಲೇಜುಗಳೂ ಪಾಲಿಟೆಕ್ನಿಕ್‌ಗಳೂ ಅನೇಕ. ಕಾಲೇಜಿನ ಒಳಗಿರುವವರಿಗೆ ಅಲ್ಲಿಯದೇ ಕ್ಲಬ್ಬುಗಳಿರುತ್ತವೆ. ಆದರೆ ಹಗಲು ಬ್ಯಾಂಕಿನಲ್ಲಿ ದುಡಿದು ರಾತ್ರಿ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು, ಪಿಯುಸಿ ಓದುತ್ತಲೇ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ತಂತಿ ಜೋಡಿಸುವವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡಲು ಊರಿಗೆ ಮರಳಿದವರು, ನಿವೃತ್ತಿಯ ಬಳಿಕ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಕಲಿಯಲು ಹೊರಟವರು, ಇವರೆಲ್ಲ ಒಂದೇ ಪೇಟೆಯಲ್ಲಿದ್ದೂ ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಉಳಿಯುತ್ತಾರೆ. ಅಂಥವರು ಕೂಡಿ ಕುಳಿತುಕೊಳ್ಳುವ ಒಂದು ಬಳಗವನ್ನು ಮೊದಲಿನಿಂದ ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮುಂದಿನ ಎಲ್ಲ ಸಲಹೆಗಳ ಹಿಂದೆಯೂ ಒಂದೇ ನಂಬಿಕೆಯಿದೆ. ಬಳಗದ ಭೇಟಿಗೆ ಬಂದ ಪ್ರತಿಯೊಬ್ಬರೂ ಅಂದು ಏನನ್ನಾದರೂ ಸ್ವತಃ ಮಾಡಿ ಮನೆಗೆ ಹೋಗಬೇಕು. ಒಬ್ಬರು ವೇದಿಕೆಯಲ್ಲಿ ನಿಂತು ಮಾತನಾಡಿ ಉಳಿದವರು ಕುರ್ಚಿಯಲ್ಲಿ ಕುಳಿತು ಕೇಳುವ ಕಾರ್ಯಕ್ರಮಗಳು ನಮ್ಮೂರಿನಲ್ಲಿ ಧಾರಾಳವಾಗಿ ನಡೆಯುತ್ತವೆ. ಕೈಗೆ ಕೆಲಸ ಕೊಡುವ ಕೂಟಗಳು ವಿರಳ. ಸ್ಥಳ, ಸಮಯ, ಸಾಧನ, ಹಣ ಇವೆಲ್ಲವನ್ನೂ ಈ ಒಂದು ಅಳತೆಗೋಲಿನಿಂದ ನಿರ್ಧರಿಸಿದರೆ ಗೊಂದಲಗಳು ಬಹುಪಾಲು ತಾವಾಗಿಯೇ ಬಗೆಹರಿಯುತ್ತವೆ.

ಮೊದಲ ಹೆಜ್ಜೆ: ನಾಲ್ಕೈದು ಮಂದಿಯನ್ನು ಹುಡುಕಿಕೊಳ್ಳಿ

ಪೋಸ್ಟರ್, ಲಾಂಛನ, ಹೆಸರು ಇವು ಯಾವುದೂ ಆರಂಭದಲ್ಲಿ ಬೇಕಾಗಿಲ್ಲ. ನಿಯಮಿತವಾಗಿ ಬರುತ್ತೇವೆಂದು ಮಾತು ಕೊಡಬಲ್ಲ ನಾಲ್ಕೈದು ಮಂದಿ ಸಿಕ್ಕಿದರೆ ಸಾಕು. ಅವರೆಲ್ಲರೂ ಒಂದೇ ಕಾಲೇಜಿನವರಾಗಿರದಂತೆ ನೋಡಿಕೊಳ್ಳುವುದು ಒಳ್ಳೆಯದು. ಒಂದೇ ತರಗತಿಯ ಗೆಳೆಯರು ಕಟ್ಟಿದ ಬಳಗವು ಅವರ ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಚದುರಿಹೋಗುತ್ತದೆ. ಊರಿನಲ್ಲೇ ಉಳಿಯುವ ಉದ್ಯೋಗಿಯೋ ಅಧ್ಯಾಪಕರೋ ಕನಿಷ್ಠ ಇಬ್ಬರಾದರೂ ಇದ್ದರೆ ವಿದ್ಯಾರ್ಥಿಗಳು ಬಂದು ಹೋಗುತ್ತಿದ್ದರೂ ಬಳಗ ನಿಲ್ಲುತ್ತದೆ.

ಇಂಥವರನ್ನು ಹುಡುಕಲು ಕಂಪ್ಯೂಟರ್ ರಿಪೇರಿ ಅಂಗಡಿ, ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಅಂಗಡಿ, ಕೆಪಿಟಿಯಂತಹ ಪಾಲಿಟೆಕ್ನಿಕ್, ಸಾರ್ವಜನಿಕ ಗ್ರಂಥಾಲಯದ ಸೂಚನಾ ಫಲಕ ಇವುಗಳಿಂದ ತೊಡಗಬಹುದು. ಬಿಡಿಭಾಗದ ಅಂಗಡಿಯವರಿಗೆ ತಮ್ಮಲ್ಲಿ ಸೆನ್ಸರ್, ರಿಲೇ ಮುಂತಾದುವನ್ನು ಕೊಳ್ಳಲು ಬರುವವರಲ್ಲಿ ಯಾರು ಕಾಲೇಜಿನ ಪ್ರಾಜೆಕ್ಟಿಗೆ ಒಮ್ಮೆ ಮಾತ್ರ ಬರುವವರು, ಯಾರು ಆಸಕ್ತಿಯಿಂದ ಮತ್ತೆ ಮತ್ತೆ ಬರುವವರು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಒಂದು ಚೀಟಿ ಅಂಟಿಸಲು ಒಪ್ಪಿಗೆ ಸಿಕ್ಕರೆ ಸಾಮಾಜಿಕ ಜಾಲತಾಣದ ಜಾಹೀರಾತಿಗಿಂತ ಹೆಚ್ಚಿನ ಫಲ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕರೆಯಲ್ಲಿ ಎರಡು ವಿಷಯಗಳು ಸ್ಪಷ್ಟವಾಗಿರಬೇಕು: ಇಲ್ಲಿ ಕಲಿಕೆಗೆ ಶುಲ್ಕವಿಲ್ಲ, ಮತ್ತು ಇದು ಉದ್ಯೋಗ ಕೊಡಿಸುವ ಸಂಸ್ಥೆಯಲ್ಲ.

ಎರಡನೆಯ ಹೆಜ್ಜೆ: ದಿನ ಮತ್ತು ಸ್ಥಳವನ್ನು ಗಟ್ಟಿ ಮಾಡಿ

ತಿಂಗಳಿಗೆ ಒಂದು ಭೇಟಿ, ಯಾವಾಗಲೂ ಅದೇ ವಾರ, ಅದೇ ಹೊತ್ತು ಎಂದು ನಿಗದಿ ಮಾಡಬೇಕು. ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಎಂದು ಒಮ್ಮೆ ಹೇಳಿದ ಮೇಲೆ ಪ್ರತಿ ತಿಂಗಳು ಮತ ಹಾಕಿಸಿ ದಿನ ಹುಡುಕುವ ಕಷ್ಟ ಉಳಿಯುವುದಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಮದುವೆ, ಕೋಲ, ಕಂಬಳ, ಯಕ್ಷಗಾನ ಬಯಲಾಟಗಳು ನಮ್ಮ ವಾರಾಂತ್ಯಗಳನ್ನು ತುಂಬಿಕೊಂಡಿರುತ್ತವೆ. ಶನಿವಾರ ರಾತ್ರಿಯಿಡೀ ಆಟ ನೋಡಿದವರು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರಲಾರರು. ಆದುದರಿಂದ ಹತ್ತು ಅಥವಾ ಹತ್ತೂವರೆ ಸೂಕ್ತ. ಬಂದವರು ಮೂವರೇ ಆದರೂ ಭೇಟಿಯನ್ನು ರದ್ದು ಮಾಡಬಾರದು, ಏಕೆಂದರೆ ಒಮ್ಮೆ ಬಾಗಿಲು ಮುಚ್ಚಿದ್ದನ್ನು ಕಂಡು ಹಿಂದಿರುಗಿದ ಹೊಸಬರು ಮತ್ತೊಮ್ಮೆ ಬರುವ ಸಾಧ್ಯತೆ ಕಡಿಮೆ.

ಸ್ಥಳದ ಆಯ್ಕೆಯಲ್ಲಿ ಬಸ್ಸೇ ಮುಖ್ಯ. ಮಂಗಳೂರಿನಲ್ಲಾದರೆ ಸ್ಟೇಟ್ ಬ್ಯಾಂಕ್, ಹಂಪನಕಟ್ಟೆ, ಜ್ಯೋತಿ ವೃತ್ತದ ಆಸುಪಾಸು, ಉಡುಪಿಯಲ್ಲಾದರೆ ಸರ್ವಿಸ್ ಬಸ್ ನಿಲ್ದಾಣದಿಂದ ನಡೆದುಕೊಂಡು ತಲುಪಬಹುದಾದ ಜಾಗ ಉತ್ತಮ. ಪುತ್ತೂರು, ಬಂಟ್ವಾಳ, ಕಾರ್ಕಳ, ಕುಂದಾಪುರಗಳಿಂದ ಬರುವವರು ಎರಡು ಬಸ್ಸುಗಳಿಗಿಂತ ಹೆಚ್ಚು ಬದಲಾಯಿಸುವಂತಾಗಬಾರದು. ಎರಡೂ ನಗರಗಳಿಗೆ ಸೇರಿ ಒಂದೇ ಬಳಗ ಮಾಡುವ ಆಸೆ ಸಹಜವಾದರೂ ಪ್ರತಿ ಭೇಟಿಗೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಎರಡು ಸಣ್ಣ ಬಳಗಗಳಿದ್ದು, ವರ್ಷಕ್ಕೆ ಒಂದೆರಡು ಬಾರಿ ಸುರತ್ಕಲ್ ಅಥವಾ ಮೂಲ್ಕಿಯಂತಹ ನಡುವಿನ ಊರಿನಲ್ಲಿ ಜೊತೆಯಾಗಿ ಸೇರುವುದು ಹೆಚ್ಚು ಕಾರ್ಯಸಾಧ್ಯ.

ಕೋಣೆಯಲ್ಲಿ ಇರಲೇಬೇಕಾದುವು ಮೇಜು, ಸಾಕಷ್ಟು ಪ್ಲಗ್ ಪಾಯಿಂಟ್, ಫ್ಯಾನ್, ಕುಡಿಯುವ ನೀರು ಮತ್ತು ಸ್ವಚ್ಛವಾದ ಶೌಚಾಲಯ. ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಶಾಲೆಯ ತರಗತಿ, ಪುಸ್ತಕದ ಅಂಗಡಿಯ ಮಹಡಿ, ಸದಸ್ಯರೊಬ್ಬರ ಕಚೇರಿಯ ಸಭಾಕೋಣೆ ಯಾವುದಾದರೂ ಆಗಬಹುದು. ಹೋಟೆಲಿನಲ್ಲಿ ಸೇರುವುದನ್ನು ನಾನು ಒಪ್ಪುವುದಿಲ್ಲ. ಮೂರು ಗಂಟೆ ಮೇಜು ಹಿಡಿದು ಕುಳಿತರೆ ಹೋಟೆಲಿನವರಿಗೂ ತೊಂದರೆ, ಗದ್ದಲದಲ್ಲಿ ಕಲಿಯುವವರಿಗೂ ತೊಂದರೆ.

ಮೂರನೆಯ ಹೆಜ್ಜೆ: ಭೇಟಿಯ ಮೂರು ಗಂಟೆಗಳನ್ನು ಹಂಚಿಕೊಳ್ಳಿ

ಮೊದಲ ಅರ್ಧ ಗಂಟೆ ಬಂದವರು ತಮ್ಮ ಹೆಸರು ಹೇಳಿ, ಇಂದು ಏನು ಮಾಡಬೇಕೆಂದಿದ್ದೇನೆ ಎಂಬುದನ್ನು ಒಂದೇ ವಾಕ್ಯದಲ್ಲಿ ತಿಳಿಸಲಿ. ಅದನ್ನು ಒಬ್ಬರು ಬೋರ್ಡಿನ ಮೇಲೆ ಬರೆಯಲಿ. "ಅಪ್ಪನ ಅಂಗಡಿಯ ಸಾಲದ ಲೆಕ್ಕವನ್ನು ಎಕ್ಸೆಲ್‌ನಿಂದ ಡೇಟಾಬೇಸಿಗೆ ತರಬೇಕು", "ಲಿನಕ್ಸ್ ಹಾಕಿಸಿಕೊಳ್ಳಬೇಕು", "ಗಿಟ್ ಎಂದರೇನೆಂದು ತಿಳಿಯಬೇಕು" ಎಂಬಂತಹ ಸಾಲುಗಳು ಬೋರ್ಡಿನಲ್ಲಿ ಮೂಡಿದಾಗ ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಬಳಿಕ ಹತ್ತು ನಿಮಿಷ ಒಬ್ಬ ಸದಸ್ಯರು ತಾವು ಬಳಸುವ ಒಂದು ಸಾಧನವನ್ನು ಕೆಲಸ ಮಾಡಿಸಿ ತೋರಿಸಲಿ, ಸ್ಲೈಡುಗಳಿಲ್ಲದೆ. ಅಲ್ಲಿಂದ ಮುಂದೆ ಎರಡು ಗಂಟೆ ಕೆಲಸ. ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಬೋರ್ಡಿನ ಪ್ರತಿ ಸಾಲಿನ ಮುಂದೆ ಏನಾಯಿತು ಎಂಬುದನ್ನು ದಾಖಲಿಸಬೇಕು. ಆಗದೆ ಉಳಿದ ಕೆಲಸವೂ ದಾಖಲಾಗಲಿ. ಮುಂದಿನ ತಿಂಗಳ ಭೇಟಿ ಅಲ್ಲಿಂದಲೇ ತೊಡಗುತ್ತದೆ.

ಎರಡು ಗಂಟೆಯ ಕೆಲಸದ ಹೊತ್ತಿನಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಕಲಿಯುವವರ ಕೀಲಿಮಣೆಯನ್ನು ಕಲಿಸುವವರು ಮುಟ್ಟಬಾರದು. ತಿಳಿದವರು ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡು ಪಟಪಟನೆ ಹತ್ತು ಕಮಾಂಡ್ ಬರೆದು "ಆಯಿತು ನೋಡಿ" ಎಂದರೆ ಯಂತ್ರ ಸರಿಯಾಗುತ್ತದೆ, ಎದುರಿಗಿದ್ದವರಿಗೆ ಏನೂ ತಿಳಿದಿರುವುದಿಲ್ಲ. ಬಾಯಲ್ಲಿ ಹೇಳಿ ಅವರಿಂದಲೇ ಬರೆಸುವಾಗ ಹೊತ್ತು ಹೆಚ್ಚು ಹಿಡಿಯುತ್ತದೆ. ಆ ಹೊತ್ತಿಗಾಗಿಯೇ ಮೂರು ಗಂಟೆಯನ್ನು ಮೀಸಲಿಟ್ಟಿರುವುದು.

ಮಾತು ಯಾವ ಭಾಷೆಯಲ್ಲಿರಬೇಕೆಂದು ಕಟ್ಟಳೆ ಹಾಕುವ ಅಗತ್ಯವಿಲ್ಲ. ನಮ್ಮಲ್ಲಿ ಒಂದೇ ಮೇಜಿನ ಸುತ್ತ ತುಳು, ಕನ್ನಡ, ಕೊಂಕಣಿ, ಬ್ಯಾರಿ ಸಹಜವಾಗಿ ಕೇಳಿಬರುತ್ತವೆ, ಮಣಿಪಾಲದ ಕಡೆ ಹಿಂದಿ, ಮಲಯಾಳಂ ಸಹ. ಪಕ್ಕದವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಇಡೀ ಗುಂಪಿಗೆ ಹೇಳುವ ಮಾತನ್ನು ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು, ಅಷ್ಟೇ ಸಾಕು. ಇಂಗ್ಲಿಷ್ ಮಾತನಾಡಲು ಹಿಂಜರಿಯುವ ಕಾರಣಕ್ಕಾಗಿಯೇ ಪ್ರಶ್ನೆ ಕೇಳದೆ ಉಳಿಯುವ ಹಳ್ಳಿಯ ವಿದ್ಯಾರ್ಥಿಗಳಿಗೆ ಇದರಿಂದ ಸಿಗುವ ಧೈರ್ಯ ದೊಡ್ಡದು.

ನಾಲ್ಕನೆಯ ಹೆಜ್ಜೆ: ಬಳಗದ ಸಾಧನಗಳ ಚೀಲ

ಎರಡು ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್, ನಾಲ್ಕಾರು ಪೆನ್‌ಡ್ರೈವ್, ಒಂದು ಹಳೆಯ ವೈಫೈ ರೂಟರ್, ಕೆಲವು ಕೇಬಲ್, ಸಣ್ಣ ಸ್ಕ್ರೂಡ್ರೈವರ್ ಸೆಟ್ ಇವು ಬಳಗದ ಸ್ವತ್ತಾಗಿರಲಿ. ಮಳೆಗಾಲದ ತೇವಕ್ಕೆ ಆರ್ಡುಯಿನೊ, ರಾಸ್ಪ್‌ಬೆರಿ ಪೈ ಬೋರ್ಡುಗಳ ಪಿನ್ನುಗಳು ಬೇಗನೆ ಕಿಲುಬು ಹಿಡಿಯುವುದರಿಂದ ಅವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ಮತ್ತು ಮಳೆಗಾಲ ಮುಗಿಯುವ ಅಕ್ಟೋಬರ್ ತಿಂಗಳುಗಳಲ್ಲಿ ನಮ್ಮಲ್ಲಿ ಸಿಡಿಲಿನ ಆರ್ಭಟ ಹೆಚ್ಚು. ಗುಡುಗು ಕೇಳಿಸಿದೊಡನೆ ಎಲ್ಲ ಚಾರ್ಜರುಗಳನ್ನೂ ಪ್ಲಗ್ಗಿನಿಂದ ಕಿತ್ತು ಬ್ಯಾಟರಿಯಲ್ಲೇ ಕೆಲಸ ಮುಂದುವರಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಇಂಟರ್‌ನೆಟ್ ಕೈಕೊಟ್ಟರೂ ಭೇಟಿ ನಡೆಯುವಂತಿರಬೇಕು. ವೆಂಟಾಯ್ ಎಂಬ ಮುಕ್ತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿದರೆ ಒಂದೇ ಡ್ರೈವಿನಲ್ಲಿ ಹಲವು ಲಿನಕ್ಸ್ ಆವೃತ್ತಿಗಳ ಕಡತಗಳನ್ನು ಹಾಗೆಯೇ ನಕಲಿಸಿಟ್ಟು, ಬೂಟ್ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳಬಹುದು. ಝೀಲ್ ಎಂಬ ತಂತ್ರಾಂಶದ ಮೂಲಕ ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದವುಗಳ ದಾಖಲೆಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಜಾಲವಿಲ್ಲದೆಯೇ ಓದಬಹುದು. ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಕೂಡ ಇಂಥ ಪರಿಸ್ಥಿತಿಗೆ ಹೇಳಿ ಮಾಡಿಸಿದ್ದು: 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ರೂಪಿಸಿದಾಗಲೇ ಪ್ರತಿಯೊಬ್ಬರ ಯಂತ್ರದಲ್ಲೂ ಇಡೀ ಇತಿಹಾಸದ ಪೂರ್ಣ ಪ್ರತಿ ಇರುವಂತೆ ರೂಪಿಸಿದ್ದರಿಂದ, ಪೆನ್‌ಡ್ರೈವಿನಲ್ಲಿ ಒಂದು ಬೇರ್ ರೆಪೊಸಿಟರಿ (ಇತಿಹಾಸವನ್ನಷ್ಟೇ ಇಡುವ ಸಂಗ್ರಹ) ಮಾಡಿಟ್ಟು ಅದಕ್ಕೇ ಪುಶ್ (ಕಳುಹಿಸುವುದು), ಅದರಿಂದಲೇ ಪುಲ್ (ತರಿಸಿಕೊಳ್ಳುವುದು) ಮಾಡಬಹುದು. ಗಿಟ್ ಮತ್ತು ಗಿಟ್ ಸಂಗ್ರಹಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್ ಒಂದೇ ಎಂದು ಭಾವಿಸಿರುವ ಹೊಸಬರಿಗೆ ಈ ಪ್ರಯೋಗವನ್ನು ಒಮ್ಮೆ ಮಾಡಿಸಿದರೆ ಎರಡರ ವ್ಯತ್ಯಾಸ ಮತ್ತೆಂದೂ ಮರೆಯುವುದಿಲ್ಲ.

ಹಳೆಯ ಲ್ಯಾಪ್‌ಟಾಪ್‌ಗಳ ವಿಚಾರ ಈಗ ಮುಖ್ಯವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಚಿಪ್) ಮುಂತಾದ ಷರತ್ತುಗಳಿಂದಾಗಿ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು 8 ಜಿಬಿಗೆ ಏರಿಸಿ, ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಸ್ಥಾಪಿಸಿದರೆ ಅಂಥ ಯಂತ್ರ ಪ್ರೋಗ್ರಾಮಿಂಗ್ ಕಲಿಯಲು ಇನ್ನೂ ಹಲವು ವರ್ಷ ಬಾಳುತ್ತದೆ. ಸ್ಥಾಪನೆಗೆ ಮೊದಲು ಮೂರು ಕೆಲಸಗಳನ್ನು ಬಿಡದೆ ಮಾಡಬೇಕು. ಫೋಟೋ, ದಾಖಲೆಗಳ ಪ್ರತಿ ಬೇರೊಂದು ಡ್ರೈವಿನಲ್ಲಿದೆಯೆಂದು ಮಾಲಕರೇ ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಬೂಟ್ ವ್ಯವಸ್ಥೆ ಬದಲಾದ ಬಳಿಕ ಆ ಕೀ ಕೇಳಿ ಯಂತ್ರ ಒಳಗೇ ಬಿಡದಿರಬಹುದು. ಮೂರನೆಯದಾಗಿ, ಪೆನ್‌ಡ್ರೈವಿನಿಂದ ಲೈವ್ ಆಗಿ ಓಡಿಸಿ ವೈಫೈ, ಧ್ವನಿ, ಟಚ್‌ಪ್ಯಾಡ್ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬೇಕು.

ಐದನೆಯ ಹೆಜ್ಜೆ: ಮೊದಲ ಯೋಜನೆಯನ್ನು ನಮ್ಮ ಭಾಷೆಗಳಿಂದಲೇ ಆರಿಸಿ

ಹೊಸ ಬಳಗಗಳು ಸಾಮಾನ್ಯವಾಗಿ ದೊಡ್ಡ ಆ್ಯಪ್ ಮಾಡುವ ಕನಸಿನಿಂದ ತೊಡಗಿ ಲಾಗಿನ್ ಪುಟದಲ್ಲೇ ನಿಲ್ಲುತ್ತವೆ. ಒಂದೇ ಭೇಟಿಯಲ್ಲಿ ಮುಗಿಯುವ, ಆದರೆ ಮುಂದಕ್ಕೆ ಬೆಳೆಸಬಹುದಾದ ಕೆಲಸ ಬೇಕು. ಕನ್ನಡ ಪಠ್ಯವನ್ನು ಕಂಪ್ಯೂಟರ್ ಹೇಗೆ ನೋಡುತ್ತದೆ ಎಂಬುದನ್ನು ಅರಿಯುವುದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ. ಈ ನೆಲಕ್ಕೆ ಅದರಲ್ಲಿ ಹಕ್ಕೂ ಇದೆ: ಇಂದು ನಾವು ಕನ್ನಡ ಟೈಪಿಸಲು ಬಳಸುವ ಧ್ವನ್ಯಾತ್ಮಕ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, 'ಸೇಡಿಯಾಪು' ತಂತ್ರಾಂಶವನ್ನು ಕೊಟ್ಟ ಕೆ. ಪಿ. ರಾವ್ ಅವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಪ್ಯಾಕೇಜುಗಳನ್ನು ಹಾಕಿಕೊಂಡು, ಆಯ್ಕೆಗಳ ಪಟ್ಟಿಯಲ್ಲಿ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸವನ್ನು ಆರಿಸಿದರೆ ನುಡಿ ತಂತ್ರಾಂಶದಲ್ಲಿ ಟೈಪಿಸಿ ಅಭ್ಯಾಸವಿರುವವರಿಗೆ ಯಾವ ತೊಡಕೂ ಆಗದು.

ಅಭ್ಯಾಸ ಹೀಗಿರಲಿ. ಪೈಥಾನ್ ತೆರೆದು 'ಉಡುಪಿ' ಎಂಬ ಪದದ ಉದ್ದವನ್ನು ಲೆನ್ (len) ಫಂಕ್ಷನ್ನಿನಿಂದ ಕೇಳಿ. ಕಣ್ಣಿಗೆ ಕಾಣುವ ಅಕ್ಷರಗಳು ಮೂರು, ಉತ್ತರ ಬರುವುದು 5. ಏಕೆಂದರೆ ಜಗತ್ತಿನ ಲಿಪಿಗಳಿಗೆ ಸಂಕೇತ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಉ, ಡ, ಉಕಾರದ ಚಿಹ್ನೆ, ಪ, ಇಕಾರದ ಚಿಹ್ನೆ ಎಂದು ಐದು ಸಂಕೇತಗಳಿವೆ. ಅದನ್ನೇ ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದ ಬೈಟುಗಳಿಗೆ ಬದಲಿಸಿದರೆ 15, ಏಕೆಂದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. 'ಮಂಗಳೂರು' ಎಂಬುದಕ್ಕೆ ಕಣ್ಣಿನ ಲೆಕ್ಕ ನಾಲ್ಕು, ಪೈಥಾನಿನ ಲೆಕ್ಕ 7, ಬೈಟುಗಳು 21. ಈಗ 'ಉಡುಪಿ'ಯನ್ನು ಹಿಂದುಮುಂದಾಗಿ ತಿರುಗಿಸುವ ಪ್ರೋಗ್ರಾಂ ಬರೆಯಲು ಹೇಳಿ. ಪುಸ್ತಕದ ಉದಾಹರಣೆಯಂತೆ ಮಾಡಿದವರಿಗೆ ಮೊದಲಿಗೆ ಆಧಾರವಿಲ್ಲದ ಒಂದು ಇಕಾರದ ಚಿಹ್ನೆ, ಅನಂತರ ಪು, ಅನಂತರ ಬರಿಯ ಡ, ಕೊನೆಗೆ ಉ ಸಿಗುತ್ತದೆ. ಡಕಾರದ ಮೇಲಿದ್ದ ಉಕಾರ ಪಕಾರಕ್ಕೆ ಅಂಟಿಕೊಂಡಿರುತ್ತದೆ. ಪರದೆಯ ಮೇಲೆ ಇದನ್ನು ಕಂಡವರು ಏಕೆ ಹೀಗಾಯಿತೆಂದು ಕೇಳದೆ ಬಿಡುವುದಿಲ್ಲ.

ಅಲ್ಲಿಂದ ಮುಂದಿನ ಮೆಟ್ಟಿಲು ಅಕ್ಷರಗಳನ್ನು ಸರಿಯಾಗಿ ಬಿಡಿಸುವ ಫಂಕ್ಷನ್. ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳನ್ನೂ ವಿರಾಮವನ್ನೂ (ವ್ಯಂಜನದ ಸ್ವರ ತೆಗೆಯುವ '್' ಚಿಹ್ನೆ) ಹಿಂದಿನ ವ್ಯಂಜನದೊಡನೆ ಸೇರಿಸಿದರೆ 'ಉಡುಪಿ' ಸರಿಹೋಗುತ್ತದೆ, ಆದರೆ 'ಕನ್ನಡ' ಎಂಬ ಪದ ಕ, ನ್, ನ, ಡ ಎಂದು ನಾಲ್ಕಾಗಿ ಒಡೆಯುತ್ತದೆ. ಸಿದ್ಧ ಲೈಬ್ರರಿಗಳಲ್ಲಿಯೂ ಅನೇಕವು ಹೀಗೆಯೇ ಮಾಡುತ್ತವೆ. ಈ ವಿರಾಮದ ಮುಂದೆ ವ್ಯಂಜನ ಬಂದರೆ ಅಲ್ಲಿ ಕತ್ತರಿಸಬಾರದೆಂಬ ನಿಯಮವನ್ನು ಸೇರಿಸಿದಾಗ ಮಾತ್ರ ನಾವು ಶಾಲೆಯಲ್ಲಿ ಕಲಿತ ಒತ್ತಕ್ಷರ ಉಳಿಯುತ್ತದೆ. ಮೂರನೆಯ ಮೆಟ್ಟಿಲು ಹುಡುಕಾಟದ್ದು. 'ಕೊಲ್ಲೂರು' ಎಂಬ ಪದದ ಒಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಮೊದಲನೆಯದರ ಉದ್ದ 8, ಎರಡನೆಯದರದು 9. ನೋಟಕ್ಕೆ ಎರಡೂ ಒಂದೇ, ಹೋಲಿಸಿ ನೋಡಿದರೆ ಬೇರೆ ಬೇರೆ. ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದ ಬಳಿಕವೇ ಹೋಲಿಸಬೇಕೆಂಬ ಪಾಠವನ್ನು ಇಷ್ಟು ಸುಲಭವಾಗಿ ಇಂಗ್ಲಿಷ್ ಪದಗಳಿಂದ ಕಲಿಸಲಾಗದು.

ಈ ಮೂರು ಫಂಕ್ಷನ್‌ಗಳು ಕೈಯಲ್ಲಿದ್ದರೆ ಊರಿಗೆ ನೇರವಾಗಿ ಉಪಯೋಗವಾಗುವ ಕೆಲಸಗಳು ತೆರೆದುಕೊಳ್ಳುತ್ತವೆ. ಶಾಲೆ, ಯುವಕ ಮಂಡಲ, ದೇವಸ್ಥಾನಗಳ ಸ್ಮರಣ ಸಂಚಿಕೆಗಳು ಎಷ್ಟೋ ವರ್ಷ ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟುಗಳಲ್ಲಿ ಅಚ್ಚಾಗಿವೆ. ಆ ಕಡತಗಳಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯ ತಪ್ಪುಗಳನ್ನು ಪಟ್ಟಿ ಮಾಡಿ ತಿದ್ದುವ ಸಾಧನವೊಂದನ್ನು ಬಳಗ ಮಾಡಬಹುದು. ತುಳುವಿನಲ್ಲಿ ಆಸಕ್ತಿಯುಳ್ಳವರಿಗೆ ಇನ್ನೊಂದು ದಾರಿಯಿದೆ. 2016ರಲ್ಲಿ ತುಳು ವಿಕಿಪೀಡಿಯ ಆರಂಭವಾಯಿತು. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರಕಿತು. ಈ ಲಿಪಿಯ ಸಂಕೇತಗಳು ಯುನಿಕೋಡಿನ ಮೊದಲ 65,536 ಸ್ಥಾನಗಳಿಂದ ಆಚೆ ಇರುವುದರಿಂದ ಪ್ರತಿಯೊಂದಕ್ಕೂ ನಾಲ್ಕು ಬೈಟು ಬೇಕು, ಜಾವಾಸ್ಕ್ರಿಪ್ಟ್ ಒಂದೊಂದನ್ನೂ ಎರಡೆಂದು ಎಣಿಸುತ್ತದೆ. ಹಳೆಯ ತಂತ್ರಾಂಶಗಳು ಎಲ್ಲೆಲ್ಲಿ ಎಡವುತ್ತವೆಂದು ಪರೀಕ್ಷಿಸಿ ತಯಾರಕರಿಗೆ ಸರಿಯಾದ ದೋಷವರದಿ ಕಳುಹಿಸುವುದೂ ಪ್ರೋಗ್ರಾಮಿಂಗ್ ಸೇವೆಯೇ ಆಗಿದೆ.

ಆರನೆಯ ಹೆಜ್ಜೆ: ಬರೆದದ್ದನ್ನು ಒಂದೇ ಕಡೆ ಇಡಿ

ವಾಟ್ಸ್ಆ್ಯಪ್ ಗುಂಪು ದಿನ, ಸ್ಥಳ ತಿಳಿಸಲು ಸಾಕು. ಜ್ಞಾನವನ್ನು ಕೂಡಿಡಲು ಅದು ತಕ್ಕ ಜಾಗವಲ್ಲ. ಅಲ್ಲಿ ಕೊಟ್ಟ ಉತ್ತಮ ಉತ್ತರ ಎರಡೇ ದಿನಗಳಲ್ಲಿ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಗಿಟ್‌ಹಬ್ ಅಥವಾ ಅಂಥದೇ ಇನ್ನೊಂದು ತಾಣವಾದ ಕೋಡ್‌ಬರ್ಗ್‌ನಲ್ಲಿ ಬಳಗದ ಹೆಸರಿನಲ್ಲಿ ಒಂದು ಖಾತೆ ತೆರೆದು, ಪ್ರತಿ ಭೇಟಿಯ ಟಿಪ್ಪಣಿ, ಎಲ್ಲರೂ ಬರೆದ ಕೋಡ್, ಬಗೆಹರಿದ ಸಮಸ್ಯೆಗಳ ವಿವರ ಅಲ್ಲಿರುವಂತೆ ಮಾಡಬೇಕು. ಟಿಪ್ಪಣಿ ಕನ್ನಡದಲ್ಲಿರಲಿ, ದೋಷದ ಸಂದೇಶ ಮಾತ್ರ ಯಂತ್ರ ತೋರಿಸಿದ ಹಾಗೆಯೇ ಇರಲಿ, ಆಗ ಅದೇ ಸಂದೇಶವನ್ನು ಹುಡುಕಿಕೊಂಡು ಬಂದವರಿಗೆ ಸಿಗುತ್ತದೆ.

ಪ್ರತಿ ರೆಪೊಸಿಟರಿಗೂ ಪರವಾನಗಿ ಕಡತ ಹಾಕುವುದನ್ನು ಮರೆಯಬಾರದು. ಪರವಾನಗಿ ಇಲ್ಲದ ಕೋಡ್ ಎಲ್ಲರ ಕಣ್ಣಿಗೆ ಕಂಡರೂ ಹಕ್ಕುಗಳೆಲ್ಲ ಬರೆದವರಲ್ಲೇ ಉಳಿದಿರುವುದರಿಂದ ಬೇರೆಯವರು ಕಾನೂನುಬದ್ಧವಾಗಿ ಬಳಸುವಂತಿಲ್ಲ. ಯಾರು ಹೇಗೆ ಬೇಕಾದರೂ ಬಳಸಲಿ ಎಂದಾದರೆ ಎಂಐಟಿ ಪರವಾನಗಿ (ಮಣಿಪಾಲದ ಎಂಐಟಿಗೂ ಇದಕ್ಕೂ ಸಂಬಂಧವಿಲ್ಲ), ಬದಲಾಯಿಸಿ ಹಂಚುವವರು ತಮ್ಮ ಬದಲಾವಣೆಗಳ ಮೂಲವನ್ನೂ ಮುಕ್ತವಾಗಿಡಲಿ ಎಂದಾದರೆ ಜಿಪಿಎಲ್. ಪಾಸ್‌ವರ್ಡ್, ಎಪಿಐ ಕೀ ಮುಂತಾದ ಗುಟ್ಟುಗಳನ್ನು ಕೋಡಿನೊಳಗೆ ಬರೆಯಲೇಬಾರದು. ತಪ್ಪಿ ಸೇರಿದರೆ ಮುಂದಿನ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸುವ ಬದಲಾವಣೆ) ಅಳಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ, ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಆ ಕೀಯನ್ನೇ ಕೂಡಲೇ ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಏಳನೆಯ ಹೆಜ್ಜೆ: ಸಲಹೆ ಕೇಳುವ ಮತ್ತು ಕೊಡುವ ಕ್ರಮ

"ನನ್ನ ಪೈಥಾನ್ ಕೆಲಸ ಮಾಡುತ್ತಿಲ್ಲ" ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಾರರು. ಯಾವ ಆಪರೇಟಿಂಗ್ ಸಿಸ್ಟಂ, ಯಾವ ಆವೃತ್ತಿ, ಏನು ಮಾಡಲು ಹೊರಟಿದ್ದು, ಯಾವ ಕಮಾಂಡ್ ಕೊಟ್ಟದ್ದು, ಯಂತ್ರ ಏನೆಂದಿತು, ಈಗಾಗಲೇ ಏನೇನು ಪ್ರಯತ್ನಿಸಿದ್ದು ಎಂಬ ವಿವರಗಳನ್ನು ಸೇರಿಸಲು ಹೊಸಬರಿಗೆ ತಾಳ್ಮೆಯಿಂದ ಕಲಿಸಬೇಕು. ಪರದೆಯ ಫೋಟೋ ತೆಗೆದು ಕಳುಹಿಸುವ ಬದಲು ಸಂದೇಶದ ಪಠ್ಯವನ್ನೇ ನಕಲಿಸಿ ಹಾಕಲಿ. ಅದೇ ಪ್ರಶ್ನೆ "ಉಬುಂಟು 24.04ರಲ್ಲಿ ಪಿಪ್ ಮೂಲಕ ಲೈಬ್ರರಿ ಹಾಕಲು ಹೋದರೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್ ಎನ್ನುತ್ತದೆ" ಎಂದು ಬಂದರೆ ಉತ್ತರಕ್ಕೆ ಎರಡು ನಿಮಿಷ ಸಾಕು: ಸಿಸ್ಟಂ ತನಗಾಗಿ ಇಟ್ಟುಕೊಂಡ ಪೈಥಾನನ್ನು ಮುಟ್ಟಬೇಡಿ ಎಂದು ಯಂತ್ರ ತಡೆಯುತ್ತಿದೆ, ನಿಮ್ಮ ಯೋಜನೆಗೆ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಅದರೊಳಗೆ ಲೈಬ್ರರಿ ಹಾಕಿ.

ಉತ್ತರಿಸುವವರ ಕಡೆಯಿಂದ ಬೇಕಾದುದು ಗೌರವ. "ಇಷ್ಟೂ ಗೊತ್ತಿಲ್ಲವೇ" ಎಂಬ ಒಂದು ಮಾತು ಒಬ್ಬರನ್ನು ಬಳಗದಿಂದ ಶಾಶ್ವತವಾಗಿ ದೂರ ಮಾಡಬಲ್ಲದು. ತಮಗೆ ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿ, ಹುಡುಕುವ ದಾರಿಯನ್ನು ಜೊತೆಯಲ್ಲೇ ಕುಳಿತು ತೋರಿಸುವ ಹಿರಿಯರೇ ಅತ್ಯುತ್ತಮ ಗುರುಗಳು.

ಪಾಲಕರು ಹೆಚ್ಚಾಗಿ ಕೇಳುವುದು ಎರಡು ಪ್ರಶ್ನೆ: ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು, ಯಾವ ಕೋರ್ಸಿಗೆ ಸೇರಿಸಬೇಕು. ಮೊದಲನೆಯದಕ್ಕೆ, ಕಲಿಯುವ ಮಟ್ಟದಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಅಗತ್ಯವಿಲ್ಲ, 16 ಜಿಬಿ ರ‍್ಯಾಮ್ ಅಥವಾ ಮುಂದೆ ಏರಿಸಲು ಅವಕಾಶವಿರುವ 8 ಜಿಬಿ, ಎಸ್‌ಎಸ್‌ಡಿ, ಒಳ್ಳೆಯ ಕೀಲಿಮಣೆ, ನಮ್ಮೂರಿನಲ್ಲೇ ಸರ್ವಿಸ್ ಸೆಂಟರ್ ಇರುವ ಕಂಪನಿ ಎಂಬ ಸರಳ ಉತ್ತರ ಕೊಡಬಹುದು. ಎರಡನೆಯದಕ್ಕೆ, ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ಉದ್ಯೋಗದ ಭರವಸೆ ಕೊಡುವ ಯಾವ ಸಂಸ್ಥೆಯನ್ನೂ ಬಳಗದ ಹೆಸರಿನಲ್ಲಿ ಶಿಫಾರಸು ಮಾಡಬಾರದು. ಮೊದಲು ಮೂರು ತಿಂಗಳು ಭೇಟಿಗಳಿಗೆ ಬಂದು ಮಗುವಿಗೆ ಆಸಕ್ತಿಯಿದೆಯೇ ಎಂದು ನೋಡುವಂತೆ ತಿಳಿಸುವುದು ಲೇಸು.

ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ನಿಷೇಧಿಸುವುದರಲ್ಲಿ ಅರ್ಥವಿಲ್ಲ. ಆದರೆ ಅವುಗಳಿಂದ ಪಡೆದ ಕೋಡಿನ ಪ್ರತಿ ಸಾಲನ್ನೂ ಪಕ್ಕದವರಿಗೆ ವಿವರಿಸಲು ಸಾಧ್ಯವಾದರೆ ಮಾತ್ರ ಬಳಗದ ರೆಪೊಸಿಟರಿಗೆ ಸೇರಿಸಬಹುದೆಂಬ ನಿಯಮ ಇರಲಿ.

ಎಂಟನೆಯ ಹೆಜ್ಜೆ: ನಡವಳಿಕೆ, ಹಣ ಮತ್ತು ಜವಾಬ್ದಾರಿಯ ಹಸ್ತಾಂತರ

ನಡವಳಿಕೆಯ ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಕೋಣೆಯಲ್ಲಿ ಅಂಟಿಸಬೇಕು. ದೂರು ಇದ್ದರೆ ಯಾರಲ್ಲಿ ಹೇಳಬೇಕೆಂಬುದು ಅದರಲ್ಲಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಭೇಟಿಯನ್ನು ಹಗಲು ಹೊತ್ತಿನಲ್ಲಿ, ಬಸ್ಸಿನ ಸೌಕರ್ಯವಿರುವಲ್ಲಿ ಇಡುವುದರಿಂದ ಹೆಣ್ಣುಮಕ್ಕಳ ಭಾಗವಹಿಸುವಿಕೆ ಹೆಚ್ಚುತ್ತದೆ. ಯಾರ ಫೋನ್ ಸಂಖ್ಯೆಯನ್ನೂ ಅವರ ಒಪ್ಪಿಗೆಯಿಲ್ಲದೆ ಗುಂಪಿಗೆ ಸೇರಿಸಬಾರದು. ಹದಿನೆಂಟು ತುಂಬದವರ ಹೆಸರು, ಫೋಟೋಗಳನ್ನು ಪಾಲಕರ ಅನುಮತಿಯಿಲ್ಲದೆ ಎಲ್ಲಿಯೂ ಪ್ರಕಟಿಸಬಾರದು.

ಹಣದ ವಿಷಯದಲ್ಲಿ ಬೇಕಾದಷ್ಟೇ ಸಾಕು. ಚಹಾ, ಗೋಳಿಬಜೆಯ ಖರ್ಚನ್ನು ಬಂದವರು ಅಲ್ಲಿಯೇ ಹಂಚಿಕೊಳ್ಳಬಹುದು, ವಿದ್ಯಾರ್ಥಿಗಳಿಂದ ಪಡೆಯದಿದ್ದರೂ ನಡೆಯುತ್ತದೆ. ಚೀಲದ ಸಾಮಗ್ರಿಗಾಗಿ ಸಂಗ್ರಹಿಸಿದ ಮೊತ್ತದ ಲೆಕ್ಕ ರೆಪೊಸಿಟರಿಯಲ್ಲೇ ಎಲ್ಲರಿಗೂ ಕಾಣುವಂತಿರಲಿ. ಪ್ರಾಯೋಜಕರಿಂದ ನಗದಿಗಿಂತ ಸ್ಥಳವನ್ನೋ ಉಪಕರಣವನ್ನೋ ಕೇಳುವುದು ಮೇಲು. ಬ್ಯಾಂಕ್ ಖಾತೆ, ದೊಡ್ಡ ದೇಣಿಗೆಗಳ ಅಗತ್ಯ ಬಂದಾಗ ಮಾತ್ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ ನೋಂದಾಯಿಸುವ ಯೋಚನೆ ಮಾಡಬೇಕು. ಅದಕ್ಕೆ ಕನಿಷ್ಠ ಏಳು ಮಂದಿ ಬೇಕು, ಆ ಬಳಿಕ ಪ್ರತಿ ವರ್ಷ ಸಭೆ, ಲೆಕ್ಕಪತ್ರ ಸಲ್ಲಿಕೆಯ ಹೊಣೆಯೂ ಇರುತ್ತದೆ.

ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ತೆರೆದ ದಿನವೊಂದನ್ನು ಮಾಡಬೇಕೆನಿಸಿದರೆ ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನ ಹಲವೆಡೆ ಆಚರಿಸುವ ತಂತ್ರಾಂಶ ಸ್ವಾತಂತ್ರ್ಯ ದಿನ ಒಳ್ಳೆಯ ಸಂದರ್ಭ. ಅಷ್ಟು ಹೊತ್ತಿಗೆ ಮಳೆಯ ಬಿರುಸೂ ತಗ್ಗಿರುತ್ತದೆ. ಅಂದು ಹಳೆಯ ಲ್ಯಾಪ್‌ಟಾಪ್ ತಂದವರಿಗೆಲ್ಲ ಲಿನಕ್ಸ್ ಹಾಕಿಕೊಡುವ ಶಿಬಿರ ನಡೆಸಬಹುದು.

ಭೇಟಿ ನಡೆಸುವ ಹೊಣೆಯನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಹೊಣೆ ಬಿಡುವವರು ಬಳಗದ ಗಿಟ್ ಖಾತೆ, ಇಮೇಲ್, ಚಾಟ್ ಗುಂಪು ಇವುಗಳಲ್ಲಿ ಮುಂದಿನವರನ್ನೂ ನಿರ್ವಾಹಕರಾಗಿ ಸೇರಿಸಿ, ಪ್ರತಿ ಖಾತೆಗೂ ಕನಿಷ್ಠ ಇಬ್ಬರು ನಿರ್ವಾಹಕರಿದ್ದಾರೆಂದು ಪರೀಕ್ಷಿಸಬೇಕು. ಎರಡು ಹಂತದ ದೃಢೀಕರಣದ ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಲಕೋಟೆಯಲ್ಲಿ ಕೊಡಬೇಕು. ಕೋಣೆಯ ಬೀಗದ ಕೀ ಯಾರಲ್ಲಿದೆ, ಸಾಧನಗಳ ಚೀಲ ಯಾರ ಮನೆಯಲ್ಲಿದೆ, ಅದರಲ್ಲಿ ಏನೇನಿದೆ, ಯಾವ ಬೋರ್ಡನ್ನು ಯಾರು ಎಂದು ಮನೆಗೆ ಒಯ್ದಿದ್ದಾರೆ ಎಂಬ ಪಟ್ಟಿಯನ್ನು ಹೊಸಬರ ಎದುರಿನಲ್ಲೇ ಚೀಲ ಬಿಚ್ಚಿ ತಾಳೆ ನೋಡಿ, ಅಂದಿನ ದಿನಾಂಕ ಹಾಕಿ ರೆಪೊಸಿಟರಿಗೆ ಸೇರಿಸಬೇಕು.